ಕೊನೆಯ ಪುಟದ ಅಬ್ಬಾಸ್

ಮೆಹಬೂಬ್ ಖಾನ್ ಅವರಿಗೆ ಕಥೆ ಹಿಡಿಸಿತ್ತು. ತಕರಾರು ಹುಟ್ಟಿದ್ದು ಪಾತ್ರ ಹಂಚುವಾಗ. ಬಸುರಿ ಹೆಂಡತಿಯನ್ನು ಮನೆಯಿಂದ ಹೊರಗಟ್ಟಿದ ನ್ಯಾಯಾಧೀಶನೊಬ್ಬ, ಬೀದಿಯಲ್ಲಿ ಬೆಳೆದು ಕಳ್ಳನಾದ ಅವನ ಮಗ. ಈ ಎರಡು ಪಾತ್ರಗಳಿಗೆ ಅಶೋಕ್ ಕುಮಾರ್ ಮತ್ತು ದಿಲೀಪ್ ಕುಮಾರ್ ಆಗಬೇಕು ಎಂದರು ಮೆಹಬೂಬ್. ಆ ಕಾಲಕ್ಕೆ ಅದು ಯಾವ ನಿರ್ಮಾಪಕನೂ ಬೇಡವೆನ್ನದ ಜೋಡಿ. ಕಥೆ ಬರೆದವರು ಬೇಡ ಎಂದರು. ತೆರೆಯ ಮೇಲಿನ ಅಪ್ಪ ಮಗ ಹೊರಗೂ ಅಪ್ಪ ಮಗನೇ ಆಗಿರಬೇಕು, ಪೃಥ್ವಿರಾಜ್ ಕಪೂರ್ ಎದುರು ರಾಜ್ ಕಪೂರ್ ನಿಲ್ಲಬೇಕು ಎಂಬುದು ಅವರ ಪಟ್ಟು. ಮಾತು ಮುರಿಯಿತು. ಕಥೆಗಾರರು ತಮ್ಮ ಕಥೆಯನ್ನು ವಾಪಸು ಪಡೆದರು. ಸುದ್ದಿ ಕಿವಿಗೆ ಬಿದ್ದ ರಾಜ್ ಕಪೂರ್ ಅದನ್ನು ಕೊಂಡರು. 1951ರಲ್ಲಿ ‘ಆವಾರಾ’ ತೆರೆಗೆ ಬಂತು.

ಹಿಂದಿ ಚಿತ್ರರಂಗದಲ್ಲಿ ಕಥೆ ಬರೆಯುವವನಿಗೆ ಆಗ ಅಂಥ ಮರ್ಯಾದೆಯೇನೂ ಇರಲಿಲ್ಲ. ಅವನು ಸ್ಟುಡಿಯೊದ ಸಂಬಳದ ಮುನ್ಷಿ, ಹೇಳಿದ್ದನ್ನು ಬರೆದುಕೊಡುವವನು. ಯಾರ ಕೈಗೆ ಯಾವ ಪಾತ್ರ ಹೋಗಬೇಕೆಂದು ಅವನು ಹಟ ಹಿಡಿಯುವುದು ಹಾಗಿರಲಿ, ಅವನನ್ನು ಕೇಳುವವರೂ ಇರಲಿಲ್ಲ. ಖ್ವಾಜಾ ಅಹ್ಮದ್ ಅಬ್ಬಾಸ್ ಅವರಿಗೆ ಹಟ ಹಿಡಿಯುವ ಧೈರ್ಯ ಬಂದದ್ದಕ್ಕೆ ಒಂದು ಕಾರಣವಿತ್ತು. ಅವರ ಅನ್ನ ಸಿನಿಮಾದಿಂದ ಹುಟ್ಟುತ್ತಿರಲಿಲ್ಲ. ಅವರು ಪತ್ರಕರ್ತ. ವಾರಕ್ಕೊಂದು ಅಂಕಣ ಬರೆದೇ ತೀರಬೇಕಾದ, ಬರೆದದ್ದಕ್ಕೆ ಬೈಗುಳ ಬಂದರೆ ಮುಂದಿನ ವಾರ ಅದಕ್ಕೂ ಉತ್ತರ ಬರೆಯುವ ಜಾತಿಯ ಪತ್ರಕರ್ತ.

1914ರ ಜೂನ್ 7ರಂದು ಪಾಣಿಪತ್‌ನಲ್ಲಿ ಹುಟ್ಟಿದ ಅವರ ಮನೆತನದಲ್ಲಿ ಬರವಣಿಗೆಯೂ ಬಂಡಾಯವೂ ಮೊದಲಿನಿಂದ ಇದ್ದವು. ತಾಯಿಯ ಕಡೆಯ ಮುತ್ತಜ್ಜ ಅಲ್ತಾಫ್ ಹುಸೇನ್ ಹಾಲಿ, ಗಾಲಿಬ್‌ನ ಶಿಷ್ಯ, ಉರ್ದು ಕಾವ್ಯವನ್ನು ಪ್ರೇಮ ವಿರಹಗಳ ಅಂಗಳದಿಂದ ಸಮಾಜ ಸುಧಾರಣೆಯ ದಾರಿಗೆ ಎಳೆದು ತಂದವರಲ್ಲಿ ಒಬ್ಬರು. ತಂದೆಯ ಕಡೆಯ ಹಿರಿಯರೊಬ್ಬರು 1857ರ ದಂಗೆಯಲ್ಲಿ ಪಾಲ್ಗೊಂಡು ಬ್ರಿಟಿಷರ ಫಿರಂಗಿಗೆ ಬಲಿಯಾದವರೆಂಬ ಮಾತು ಆ ಮನೆಯಲ್ಲಿ ಮಕ್ಕಳ ಕಿವಿಗೆ ಬೀಳುತ್ತಲೇ ಇತ್ತು. ಅಲೀಗಢದಲ್ಲಿ 1933ರಲ್ಲಿ ಇಂಗ್ಲಿಷ್ ಸಾಹಿತ್ಯದ ಬಿ.ಎ., 1935ರಲ್ಲಿ ಕಾನೂನು ಪದವಿ. ಓದುತ್ತಿರುವಾಗಲೇ ‘ಅಲೀಗಢ ಒಪಿನಿಯನ್’ ಎಂಬ ವಿದ್ಯಾರ್ಥಿ ಪತ್ರಿಕೆ ಹೊರಡಿಸಿದರು. ವಕೀಲಿಕೆಗೆ ಮಾತ್ರ ಹೋಗಲಿಲ್ಲ. ಕರಿ ಕೋಟು ಬಿಟ್ಟು ಬೊಂಬಾಯಿಯ ‘ಬಾಂಬೆ ಕ್ರಾನಿಕಲ್’ ಪತ್ರಿಕೆ ಸೇರಿದರು. ಆದರೂ ಅವರ ಚಿತ್ರಕಥೆಗಳಲ್ಲಿ ಕೋರ್ಟು ಮತ್ತೆ ಮತ್ತೆ ಬರುತ್ತದೆ, ಪಾತ್ರಗಳು ವಾದ ಮಂಡಿಸಿದ ಹಾಗೆ ಮಾತಾಡುತ್ತವೆ. ಓದಿದ ವಿದ್ಯೆ ಎಲ್ಲಿ ಹೋಗುತ್ತದೆ?

ಕ್ರಾನಿಕಲ್‌ನಲ್ಲಿ ವರದಿಗಾರಿಕೆಯ ಜೊತೆಗೆ ಸಿನಿಮಾ ವಿಮರ್ಶೆಯ ಕೆಲಸವೂ ಬಿತ್ತು. ಕೆಟ್ಟ ಚಿತ್ರವನ್ನು ಕೆಟ್ಟದ್ದೆಂದೇ ಬರೆಯುತ್ತಿದ್ದರು. ಗಾಂಧೀಜಿಯವರು ಸಿನಿಮಾವನ್ನು ಜೂಜು, ಕುದುರೆ ಪಂದ್ಯಗಳ ಸಾಲಿಗೆ ಸೇರಿಸಿದಾಗ ಈ ಇಪ್ಪತ್ತೈದರ ಹುಡುಗ 1939ರಲ್ಲಿ ‘ಫಿಲ್ಮ್ ಇಂಡಿಯಾ’ ಪತ್ರಿಕೆಯಲ್ಲಿ ಬಾಪುವಿಗೊಂದು ಬಹಿರಂಗ ಪತ್ರ ಬರೆದ. ಸಿನಿಮಾ ಒಂದು ಸಾಧನ, ಅದು ಯಾರ ಕೈಯಲ್ಲಿದೆ, ಏನನ್ನು ಹೇಳುತ್ತಿದೆ ಎಂಬುದನ್ನು ನೋಡಿ, ತಪ್ಪು ತಿಳಿಯಬೇಡಿ ಎಂಬುದು ಅದರ ಸಾರ. ಖಾದಿ ತೊಟ್ಟು, ಗಾಂಧಿಯನ್ನು ಪೂಜಿಸುತ್ತ, ಅದೇ ಗಾಂಧಿಯೊಡನೆ ಜಗಳಕ್ಕೆ ನಿಲ್ಲುವುದು ಆ ತಲೆಮಾರಿಗೆ ವಿಚಿತ್ರವಾಗಿ ಕಾಣುತ್ತಿರಲಿಲ್ಲ.

ಬೈದದ್ದು ಸಾಕು, ಕೈಲಾದರೆ ನೀವೇ ಒಂದು ಬರೆದು ತೋರಿಸಿ ಎಂಬ ಸವಾಲು ಪ್ರತಿ ವಿಮರ್ಶಕನಿಗೂ ಒಂದಲ್ಲ ಒಂದು ದಿನ ಬರುವಂಥದು. ಅಬ್ಬಾಸ್ ಬರೆದರು. ಬಾಂಬೆ ಟಾಕೀಸ್ 1941ರಲ್ಲಿ ಹೊರತಂದ ‘ನಯಾ ಸಂಸಾರ್’ ಅವರ ಮೊದಲ ಚಿತ್ರಕಥೆ. ನಾಯಕ ಪತ್ರಕರ್ತ, ತಾನು ನಂಬಿದ್ದನ್ನು ಅಚ್ಚು ಹಾಕಿಸಲು ಹೊರಟವ. ಮೊದಲ ಕಥೆಯಲ್ಲಿ ತನ್ನದೇ ಕಸುಬನ್ನು ತೆರೆಗೆ ತಂದದ್ದು ಆಕಸ್ಮಿಕವಲ್ಲ. ಮುಂದೆ 1951ರಲ್ಲಿ ತಮ್ಮದೇ ನಿರ್ಮಾಣ ಸಂಸ್ಥೆ ತೆರೆದಾಗ ಅದಕ್ಕೂ ಇದೇ ಹೆಸರಿಟ್ಟರು.

1943ರಲ್ಲಿ ಬಂಗಾಳದ ಬರ. ಸತ್ತವರು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಅಕ್ಕಿ ಇರಲಿಲ್ಲ ಎನ್ನುವುದಕ್ಕಿಂತ, ಇದ್ದ ಅಕ್ಕಿ ಬಡವರ ಕೈಗೆ ಎಟುಕದ ಬೆಲೆಗೆ ಏರಿ ಕೂತಿತ್ತು. ಯುದ್ಧದ ಸರಬರಾಜು, ಕಾಳದಂಧೆ, ಆಡಳಿತದ ಉಡಾಫೆ ಎಲ್ಲ ಸೇರಿ ಹಳ್ಳಿಗಳು ಕಲ್ಕತ್ತದ ಫುಟ್‌ಪಾತಿನ ಮೇಲೆ ಬಂದು ಬಿದ್ದವು. ಅದೇ ವರ್ಷದ ಮೇ ತಿಂಗಳಲ್ಲಿ ಬೊಂಬಾಯಿಯಲ್ಲಿ ಭಾರತೀಯ ಜನನಾಟ್ಯ ಸಂಘ, ಎಲ್ಲರೂ ಕರೆಯುವಂತೆ ಇಪ್ಟಾ, ಕಟ್ಟಲಾಗಿತ್ತು. ಅಬ್ಬಾಸ್ ಸ್ಥಾಪಕರಲ್ಲಿ ಒಬ್ಬರು. ಈ ಚಳವಳಿಯ ಒಂದು ಬೇರು ನಮ್ಮ ಬೆಂಗಳೂರಿನಲ್ಲಿದೆ. ಸಿಂಹಳದಿಂದ ಬಂದ ಅನಿಲ್ ಡಿ ಸಿಲ್ವಾ ಎಂಬ ಹೆಣ್ಣುಮಗಳು 1941ರಲ್ಲೇ ಇಲ್ಲೊಂದು ‘ಪೀಪಲ್ಸ್ ಥಿಯೇಟರ್’ ಶುರುಮಾಡಿದ್ದರು, ಆಮೇಲೆ ಬೊಂಬಾಯಿಗೆ ಹೋಗಿ ಇಪ್ಟಾ ಕಟ್ಟುವುದರಲ್ಲಿ ಮುಂದೆ ನಿಂತರು. ಆ ಹೆಸರನ್ನು ಸೂಚಿಸಿದವರು, ಆಗ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದ ವಿಜ್ಞಾನಿ ಹೋಮಿ ಭಾಭಾ ಎನ್ನುತ್ತಾರೆ. ಅಣುವಿಜ್ಞಾನಿಯೊಬ್ಬರು ಬೀದಿ ನಾಟಕದವರಿಗೆ ನಾಮಕರಣ ಮಾಡಿದ ಊರು ನಮ್ಮದು ಎಂಬುದನ್ನು ನಾವು ಅಷ್ಟಾಗಿ ನೆನಪಿಟ್ಟುಕೊಂಡಿಲ್ಲ.

ಬಿಜನ್ ಭಟ್ಟಾಚಾರ್ಯರ ‘ನಬಾನ್ನ’ ನಾಟಕ ಮತ್ತು ಕೃಷನ್ ಚಂದರ್ ಅವರ ‘ಅನ್ನದಾತಾ’ ಕಥೆಯನ್ನು ಆಧರಿಸಿ ಅಬ್ಬಾಸ್ ‘ಧರ್ತಿ ಕೆ ಲಾಲ್’ ಬರೆದರು, ನಿರ್ದೇಶನಕ್ಕೂ ಇಳಿದರು. ಇಪ್ಟಾ ತನ್ನ ಹೆಸರಿನಲ್ಲಿ ತೆಗೆದ ಚಿತ್ರ ಇದೊಂದೇ. ಬಲರಾಜ್ ಸಾಹನಿ, ಶಂಭು ಮಿತ್ರ, ತೃಪ್ತಿ ಮಿತ್ರ, ಜೊಹ್ರಾ ಸೆಹಗಲ್ ನಟಿಸಿದರು. ಸಂಗೀತ ರವಿಶಂಕರ್ ಅವರದು, ಸಿನಿಮಾಕ್ಕೆ ಆಗ ಹೊಸಬರು. ನಗರಕ್ಕೆ ಗುಳೆ ಹೊರಟ ರೈತರ ಗುಂಪಿನ ದೃಶ್ಯಗಳಿಗೆ ಕಿಸಾನ್ ಸಭಾದ ನಿಜವಾದ ರೈತರೇ ಬಂದು ನಡೆದರು. ಸಾಲಕ್ಕೆ ನೆಲ ಕಳೆದುಕೊಂಡ ಒಂದು ಕುಟುಂಬ ಕಲ್ಕತ್ತಕ್ಕೆ ಹೋಗಿ ಚೂರು ಚೂರಾಗುತ್ತದೆ. ಹೊಟ್ಟೆಗಾಗಿ ಸೊಸೆ ಮೈ ಮಾರಬೇಕಾಗುತ್ತದೆ. ಇಲ್ಲಿಯವರೆಗೆ ಚಿತ್ರ ಕಣ್ಣು ಕೀಳಲು ಬಿಡುವುದಿಲ್ಲ. ಕೊನೆಯಲ್ಲಿ ಊರಿಗೆ ಮರಳಿದ ರೈತರು ಒಟ್ಟುಗೂಡಿ ಸಾಮೂಹಿಕ ಬೇಸಾಯಕ್ಕೆ ತೊಡಗುವ ಭಾಗ ಮಾತ್ರ ಭಾಷಣದಂತಿದೆ. ಹಸಿದವರ ಮುಖಗಳನ್ನು ಅಷ್ಟು ಹತ್ತಿರದಿಂದ ತೋರಿಸಿದ ಮೇಲೆ ಪರಿಹಾರವನ್ನೂ ಬಾಯಿಬಿಟ್ಟು ಹೇಳಬೇಕಿತ್ತೇ ಎನಿಸುತ್ತದೆ. ಅಬ್ಬಾಸರ ಬರವಣಿಗೆಯನ್ನು ಈ ಚಾಳಿ ಕೊನೆಯವರೆಗೂ ಬಿಟ್ಟುಹೋಗಲಿಲ್ಲ.

ಚಿತ್ರ ಬೊಂಬಾಯಿಯಲ್ಲಿ ಬಿಡುಗಡೆಯಾದದ್ದು 1946ರ ಆಗಸ್ಟಿನಲ್ಲಿ, ಕೋಮು ಗಲಭೆಯ ದಿನಗಳಲ್ಲಿ. ಮನೆಯಿಂದ ಹೊರಬೀಳುವುದೇ ಕಷ್ಟ, ಥಿಯೇಟರಿಗೆ ಯಾರು ಬಂದಾರು? ಅದೇ ವರ್ಷ ಅವರು ಬರೆದ ಮತ್ತೆರಡು ಚಿತ್ರಗಳು ಬಂದವು. ಹಯಾತುಲ್ಲಾ ಅನ್ಸಾರಿಯವರ ಕಥೆಗೆ ಚಿತ್ರಕಥೆ ಬರೆದ ‘ನೀಚಾ ನಗರ್’ ಅನ್ನು ಚೇತನ್ ಆನಂದ್ ನಿರ್ದೇಶಿಸಿದರು. ಗುಡ್ಡದ ಮೇಲಿನ ಧಣಿ ತನ್ನ ಕಟ್ಟಡದ ಯೋಜನೆಗಾಗಿ ಊರಿನ ಕೊಳಚೆ ನೀರನ್ನು ಕೆಳಗಿನ ಬಡವರ ಕೇರಿಯತ್ತ ತಿರುಗಿಸುವ ಕಥೆ. ಕಾನ್ ಚಿತ್ರೋತ್ಸವದ ಮೊದಲ ವರ್ಷ ಗ್ರಾಂಡ್ ಪ್ರಿ ಪಡೆದ 11 ಚಿತ್ರಗಳಲ್ಲಿ ಇದೂ ಒಂದು. ಇನ್ನೊಂದು ವಿ. ಶಾಂತಾರಾಮ್ ಅವರ ‘ಡಾ. ಕೋಟ್ನಿಸ್ ಕಿ ಅಮರ್ ಕಹಾನಿ’. ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ವಾಪಸು ಬಾರದವರು ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್. ಅವರ ಬಗ್ಗೆ ಅಬ್ಬಾಸ್ 1944ರಲ್ಲಿ ಇಂಗ್ಲಿಷಿನಲ್ಲೊಂದು ಸಣ್ಣ ಪುಸ್ತಕ ಬರೆದಿದ್ದರು. ಅದೇ ಚಿತ್ರಕ್ಕೆ ಆಧಾರ. ಸೊಲ್ಲಾಪುರದ ಕನ್ನಡದ ಮನೆಗಳಿಗೂ ಕೋಟ್ನಿಸ್ ಪರಿಚಿತ ಹೆಸರು.

ಒಂದೇ ವರ್ಷದಲ್ಲಿ ಬರ, ಕೊಳಚೆ, ಯುದ್ಧ. ಮೂರೂ ವರದಿಗಾರ ಆಯ್ದ ವಿಷಯಗಳು. ಅಬ್ಬಾಸ್ ಚಿತ್ರಕಥೆ ಹುಡುಕಿದ್ದು ಪತ್ರಿಕೆಯ ಸುದ್ದಿ ಹುಡುಕುವ ದಾರಿಯಲ್ಲೇ: ಇವತ್ತು ಏನಾಗುತ್ತಿದೆ, ಯಾರ ತಪ್ಪಿನಿಂದ, ಯಾರಿಗೆ ಗೊತ್ತಾಗಬೇಕು.

ಹಾಗಾದರೆ ‘ಆವಾರಾ’? ಹಾಡು, ಕನಸು, ಪ್ರೇಮ, ಸಮುದ್ರದಂಡೆ, ನರ್ಗಿಸ್. ಎಡಪಂಥದ ಗೆಳೆಯರು ಅಬ್ಬಾಸರನ್ನು ಕೆಣಕುತ್ತಿದ್ದದ್ದು ಈ ಬಗ್ಗೆಯೇ. ರಾಜ್ ಕಪೂರ್‌ಗೆ ದುಡ್ಡಿಗಾಗಿ ಬರೆಯುತ್ತಾನೆ, ಆ ದುಡ್ಡನ್ನು ತನ್ನ ಆದರ್ಶದ ಚಿತ್ರಗಳಲ್ಲಿ ಕಳೆಯುತ್ತಾನೆ ಎಂಬ ಮಾತು ಇಂದಿಗೂ ಅವರ ಬಗೆಗಿನ ಬರಹಗಳಲ್ಲಿ ಹಾಗೇ ಉಳಿದುಬಂದಿದೆ. ಎರಡನೆಯ ಅರ್ಧ ನಿಜ. ಮೊದಲ ಅರ್ಧವನ್ನು ಒಪ್ಪುವ ಮುನ್ನ ‘ಆವಾರಾ’ದ ಹಾಡುಗಳನ್ನು ಪಕ್ಕಕ್ಕಿಟ್ಟು ಅದರ ಎಲುಬನ್ನು ನೋಡಬೇಕು.

ನ್ಯಾಯಾಧೀಶನ ಹೆಸರು ರಘುನಾಥ. ಕಳ್ಳನ ಮಗ ಕಳ್ಳನೇ, ಸಭ್ಯನ ಮಗ ಸಭ್ಯನೇ ಎಂಬುದು ಅವನ ಸಿದ್ಧಾಂತ. ಆ ಸಿದ್ಧಾಂತದ ಬಲದಿಂದಲೇ ಜಗ್ಗಾ ಎಂಬವನಿಗೆ ಮಾಡದ ತಪ್ಪಿಗೆ ಶಿಕ್ಷೆ ಕೊಟ್ಟಿರುತ್ತಾನೆ. ಜಗ್ಗಾ ನಿಜವಾಗಿಯೂ ಡಕಾಯಿತನಾಗುತ್ತಾನೆ, ಸೇಡಿಗೆ ರಘುನಾಥನ ಹೆಂಡತಿಯನ್ನು ಎತ್ತಿಕೊಂಡು ಹೋಗುತ್ತಾನೆ. ಆಕೆ ಬಸುರಿಯೆಂದು ತಿಳಿದು ಮುಟ್ಟದೆ ಬಿಟ್ಟುಬಿಡುತ್ತಾನೆ. ಡಕಾಯಿತನ ಅಡಗುದಾಣದಿಂದ ಮರಳಿದ ಹೆಂಡತಿಯನ್ನು ಲೋಕದ ಬಾಯಿಗೆ ಹೆದರಿದ ರಘುನಾಥ ಮಳೆಯ ರಾತ್ರಿ ಹೊರಗಟ್ಟುತ್ತಾನೆ. ರಘುನಾಥ ಎಂಬ ಹೆಸರು ಯಾರದೆಂದು ನಮ್ಮ ಪ್ರೇಕ್ಷಕರಿಗೆ ಹೇಳಿಕೊಡಬೇಕಾಗಿಲ್ಲ. ಪಾಣಿಪತ್‌ನ ಮುಸ್ಲಿಂ ಮನೆಯ ಹುಡುಗ, ಮಾರ್ಕ್ಸ್ ಓದಿದವನು, ರಾಮಾಯಣದ ಉತ್ತರಕಾಂಡವನ್ನು ಬೊಂಬಾಯಿಯ ಸೆಷನ್ಸ್ ಕೋರ್ಟಿಗೆ ತಂದು ನಿಲ್ಲಿಸಿದ. ಅದೂ ದೇಶ ಒಡೆದು, ಎತ್ತಿಕೊಂಡು ಹೋದ ಸಾವಿರಾರು ಹೆಂಗಸರನ್ನು ಮರಳಿ ಕರೆತಂದಾಗ ಅವರ ಮನೆಗಳೇ ಬಾಗಿಲು ಹಾಕಿಕೊಳ್ಳುತ್ತಿದ್ದ ವರ್ಷಗಳಲ್ಲಿ. ಚಿತ್ರದಲ್ಲಿ ದೇಶವಿಭಜನೆಯ ಮಾತೇ ಇಲ್ಲ. ಆದರೂ 1951ರಲ್ಲಿ ಆ ದೃಶ್ಯ ನೋಡಿದವರಿಗೆ ಅದು ಹೊಳೆಯದೆ ಇದ್ದೀತೇ?

ಮುಂದಿನದೆಲ್ಲ ಒಂದು ಪ್ರಯೋಗ. ನ್ಯಾಯಾಧೀಶನ ರಕ್ತ ಹಂಚಿಕೊಂಡ ಮಗು ರಾಜು ಕೊಳಗೇರಿಯಲ್ಲಿ ಬೆಳೆದರೆ ಏನಾಗುತ್ತದೆ? ಹೊಟ್ಟೆಪಾಡಿಗೆ ಬೂಟು ಪಾಲಿಶ್ ಮಾಡಿದ್ದಕ್ಕೆ ಶಾಲೆಯಿಂದ ಹೊರಗೆ ಹಾಕುತ್ತಾರೆ. ಹಸಿದ ತಾಯಿಗಾಗಿ ರೊಟ್ಟಿ ಕದ್ದು ಸಿಕ್ಕಿಬೀಳುತ್ತಾನೆ. ಜೈಲಿನಲ್ಲಿ ತಟ್ಟೆಗೆ ಬಿದ್ದ ರೊಟ್ಟಿಯನ್ನು ಕಂಡು, ಇದೇ ಹಾಳು ರೊಟ್ಟಿ ಹೊರಗೆ ಸಿಕ್ಕಿದ್ದರೆ ನಾನು ಒಳಗೆ ಯಾಕೆ ಬರುತ್ತಿದ್ದೆ ಎಂಬರ್ಥದ ಮಾತಾಡುತ್ತಾನೆ. ಜನ ನಗುತ್ತಾರೆ, ನಕ್ಕ ಮೇಲೆ ಸುಮ್ಮನಾಗುತ್ತಾರೆ. ಅಪರಾಧ ರಕ್ತದಲ್ಲಿಲ್ಲ, ಬೆಳೆದ ಜಾಗದಲ್ಲಿದೆ ಎಂಬ ವಾದವನ್ನು ಇಷ್ಟು ಅಗ್ಗದಲ್ಲಿ, ಇಷ್ಟು ಚೆನ್ನಾಗಿ ಮಾರಿದ ಇನ್ನೊಂದು ಚಿತ್ರ ನಮ್ಮಲ್ಲಿಲ್ಲ. ಕೊನೆಗೆ ಕಟಕಟೆಯಲ್ಲಿ ನಿಂತ ರಾಜು ತನಗೆ ಕ್ಷಮೆ ಕೇಳುವುದಿಲ್ಲ, ಚರಂಡಿ ಪಕ್ಕದಲ್ಲಿ ಬೆಳೆಯುತ್ತಿರುವ ಬೇರೆ ಮಕ್ಕಳನ್ನು ನೋಡಿ ಎನ್ನುತ್ತಾನೆ. ಅಬ್ಬಾಸ್ ಅವನನ್ನು ಬಿಡುಗಡೆ ಮಾಡಿಸುವುದೂ ಇಲ್ಲ. ಮೂರು ವರ್ಷ ಜೈಲು.

ತಂದೆ ಮಗನ ಪಾತ್ರಕ್ಕೆ ನಿಜ ತಂದೆ ಮಗನೇ ಬೇಕೆಂದು ಅವರೇಕೆ ಹಟ ಹಿಡಿದರೆಂದು ಈಗ ತಿಳಿಯುತ್ತದೆ. ರಕ್ತವೇ ಎಲ್ಲ ಎನ್ನುವವನ ಎದುರು ಅವನದೇ ರಕ್ತ ನಿಂತು ಅಲ್ಲ ಎನ್ನಬೇಕು. ಇಬ್ಬರ ಮೂಗು, ಗದ್ದ ಒಂದೇ ಇರುವುದನ್ನು ಪ್ರೇಕ್ಷಕ ಕಣ್ಣಾರೆ ನೋಡಬೇಕು. ರಾಜ್ ಕಪೂರ್ ಅದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದರು. ಪೃಥ್ವಿರಾಜರ ತಂದೆ ದಿವಾನ್ ಬಸೇಶ್ವರನಾಥ್ ನ್ಯಾಯಪೀಠದಲ್ಲಿ ಕೂತರು, ರಾಜ್ ಅವರ ತಮ್ಮ ಶಶಿ ಕಪೂರ್ ಬಾಲಕ ರಾಜು ಆದ. ಮೂರು ತಲೆಮಾರು ಒಂದೇ ಚಿತ್ರದಲ್ಲಿ.

ಹಾಡುಗಳಿಗೂ ಚಿತ್ರಕಥೆಗೂ ಸಂಬಂಧವಿಲ್ಲವೆಂದು ತಿಳಿದವರಿಗೆ ಶೈಲೇಂದ್ರರ ಪ್ರಸಂಗ ನೆನಪಿಸಬೇಕು. ರಾಜ್ ಕಪೂರ್ ಈ ಕವಿಯನ್ನು ಅಬ್ಬಾಸರ ಮನೆಗೆ ಕರೆದೊಯ್ದರಂತೆ. ಅಬ್ಬಾಸ್ ಗಂಟೆಗಟ್ಟಲೆ ಕಥೆ ಹೇಳಿದರು. ಅಪರಿಚಿತ ಕವಿಯತ್ತ ಅವರು ಸರಿಯಾಗಿ ತಿರುಗಿಯೂ ನೋಡಿರಲಿಲ್ಲ. ಕಥೆ ಮುಗಿದಾಗ ಏನಾದರೂ ತಿಳಿಯಿತೇ ಎಂದು ರಾಜ್ ಕೇಳಿದರೆ ಶೈಲೇಂದ್ರ ಒಂದೇ ಸಾಲಿನಲ್ಲಿ ಇಡೀ ಕಥೆ ಹೇಳಿಬಿಟ್ಟರು. ಆ ಸಾಲೇ ಶೀರ್ಷಿಕೆ ಗೀತೆಯಾಯಿತು. ಆಗ ಅಬ್ಬಾಸ್, ಈ ಮಹಾಶಯರು ಯಾರು ಎಂದು ವಿಚಾರಿಸಿದರಂತೆ.

1954ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ‘ಆವಾರಾ’ ಬಿಡುಗಡೆಯಾಗಿ 6 ಕೋಟಿಗೂ ಹೆಚ್ಚು ಟಿಕೆಟ್‌ಗಳು ಮಾರಾಟವಾದವು. ಚೀನಾದಲ್ಲಿ, ಟರ್ಕಿಯಲ್ಲಿ ಅದರ ಹಾಡು ಬೀದಿಗೆ ಬಂತು, ಟರ್ಕಿಯವರು 1964ರಲ್ಲಿ ಅದನ್ನೇ ತಮ್ಮ ಭಾಷೆಯಲ್ಲಿ ತೆಗೆದರು. 1955ರ ‘ಶ್ರೀ 420’ ಕೂಡ ಅಬ್ಬಾಸರದೇ ಕಥೆ. ಅಲಹಾಬಾದಿನ ಪದವೀಧರ ಬೊಂಬಾಯಿಗೆ ಬಂದು ಮೊದಲು ಮಾಡುವ ಕೆಲಸ, ಪ್ರಾಮಾಣಿಕತೆಗೆ ಸಿಕ್ಕ ಪದಕವನ್ನು ಗಿರವಿ ಇಡುವುದು. ನಾಯಕಿಯರ ಹೆಸರು ವಿದ್ಯಾ ಮತ್ತು ಮಾಯಾ, ಸೇಠನ ಹೆಸರು ಸೋನಾಚಂದ್ ಧರ್ಮಾನಂದ್. ಸೂಕ್ಷ್ಮತೆ ಅಬ್ಬಾಸರ ಬತ್ತಳಿಕೆಯ ಬಾಣವಲ್ಲ, ನಿಜ. ಆದರೆ 100 ರೂಪಾಯಿಗೆ ಮನೆ ಎಂದು ನಂಬಿಸಿ ಫುಟ್‌ಪಾತಿನವರ ಗಂಟು ನುಂಗುವ ಯೋಜನೆಯನ್ನು ಅವರು 1955ರಲ್ಲೇ ಎಷ್ಟು ಚೊಕ್ಕವಾಗಿ ಬಿಡಿಸಿಟ್ಟರು ಎಂದರೆ, ಇವತ್ತಿನ ಯಾವುದಾದರೂ ಚಿಟ್ ಫಂಡ್ ಹಗರಣದ ಸುದ್ದಿಯ ಪಕ್ಕ ಅದನ್ನು ಇಟ್ಟು ಓದಬಹುದು. ವಂಚನೆಗೆ 420ನೆಯ ಕಲಮು ಇಟ್ಟಿದ್ದ ಭಾರತೀಯ ದಂಡ ಸಂಹಿತೆ 2024ರಲ್ಲಿ ಹೋಗಿ ಹೊಸ ಕಲಮು ಬಂತು. ಜನರ ಬಾಯಲ್ಲಿ ಮೋಸಗಾರ ಇನ್ನೂ ಫೋರ್‌ಟ್ವೆಂಟಿಯೇ.

ತಮಗಾಗಿ ತಾವೇ ತೆಗೆದ ಚಿತ್ರಗಳ ಕಥೆ ಬೇರೆ. ಮುಲ್ಕ್ ರಾಜ್ ಆನಂದ್ ಕಾದಂಬರಿ ಆಧರಿಸಿ, ಅಸ್ಸಾಮಿನ ಚಹಾ ತೋಟದ ಕೂಲಿಗಳ ಬಗ್ಗೆ ‘ರಾಹಿ’ (1952). ಒಂದೂ ಹಾಡಿಲ್ಲದ ‘ಮುನ್ನಾ’ (1954). ಹಾಡಿಲ್ಲದ ಹಿಂದಿ ಚಿತ್ರವೆಂದರೆ ಉಪ್ಪಿಲ್ಲದ ಊಟವೆಂದು ವಿತರಕರು ತಿಳಿದಿದ್ದ ಕಾಲವದು. ಮೀನಾಕುಮಾರಿ, ರಾಜ್ ಕಪೂರ್, ಶಮ್ಮಿ ಕಪೂರ್ ಎಲ್ಲರನ್ನೂ ಕಲೆಹಾಕಿ ಅಸ್ಪೃಶ್ಯತೆಯನ್ನು ಎತ್ತಿಕೊಂಡ ‘ಚಾರ್ ದಿಲ್ ಚಾರ್ ರಾಹೇಂ’ (1959) ಕೂಡ ದಡ ಸೇರಲಿಲ್ಲ. ಇವುಗಳಲ್ಲಿ ಪಾತ್ರ ಬಾಯಿ ತೆರೆದರೆ ಅಂಕಣಕಾರನ ದನಿ ಕೇಳುತ್ತದೆ. ರಾಜ್ ಕಪೂರ್ ಕೈಗೆ ಹೋದ ಅಬ್ಬಾಸರ ವಾದಕ್ಕೆ ಮೈ ಬರುತ್ತಿತ್ತು, ತಮ್ಮ ಕೈಯಲ್ಲೇ ಉಳಿದಾಗ ವಾದ ವಾದವಾಗಿಯೇ ನಿಲ್ಲುತ್ತಿತ್ತು. ಅಬ್ಬಾಸ್ ದೊಡ್ಡ ಲೇಖಕ, ಸಾಧಾರಣ ನಿರ್ದೇಶಕ. ಇದನ್ನು ಹೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತೋ ಏನೋ.

ಈ ತೀರ್ಪಿಗೆ ಒಂದು ಅಪವಾದವಿದೆ: ‘ಶಹರ್ ಔರ್ ಸಪ್ನಾ’ (1963). ಬೊಂಬಾಯಿಗೆ ಕೆಲಸ ಹುಡುಕಿಕೊಂಡು ಬಂದ ಹುಡುಗನೊಬ್ಬ, ದಿಕ್ಕಿಲ್ಲದ ಹುಡುಗಿಯೊಬ್ಬಳು, ರಸ್ತೆ ಬದಿಯಲ್ಲಿ ಬಿದ್ದಿರುವ ದೊಡ್ಡ ನೀರಿನ ಕೊಳವೆಯೊಳಗೆ ಸಂಸಾರ ಹೂಡುತ್ತಾರೆ. ಒಂದು ದಿನ ಆ ಕೊಳವೆಯನ್ನು ಹೂಳಲು ಜನ ಬರುತ್ತಾರೆ. ಇದಿಷ್ಟೇ. ಹೆಸರಾಂತ ತಾರೆಯರಿಲ್ಲ, ಸೆಟ್ಟಿಲ್ಲ, ದುಡ್ಡಂತೂ ಮೊದಲೇ ಇಲ್ಲ. ಆ ಕೊಳವೆಯೇ ಎಲ್ಲ ಹೇಳುವುದರಿಂದ ಪಾತ್ರಗಳು ಭಾಷಣ ಮಾಡಬೇಕಾಗಿ ಬರಲಿಲ್ಲ. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಚಿನ್ನದ ಪದಕ ಬಂತು.

ಕರ್ನಾಟಕದ ಓದುಗರು ಹುಡುಕಿ ನೋಡಬೇಕಾದದ್ದು 1957ರ ‘ಪರದೇಸಿ’, ಮೊದಲ ಭಾರತ–ಸೋವಿಯತ್ ಜಂಟಿ ಚಿತ್ರ. ಅಬ್ಬಾಸ್ ಮತ್ತು ವಸೀಲಿ ಪ್ರೊನಿನ್ ಕೂಡಿ ನಿರ್ದೇಶಿಸಿದರು. ನಾಯಕ ಅಫನಾಸಿ ನಿಕಿತಿನ್. ವಾಸ್ಕೊ ಡ ಗಾಮನಿಗಿಂತ ಕಾಲು ಶತಮಾನ ಮೊದಲು, ಮಾರಲು ಒಂದು ಕುದುರೆ ಹಿಡಿದುಕೊಂಡು ಕೊಂಕಣದ ಚೌಲ್ ಬಂದರಿಗಿಳಿದ ರಷ್ಯದ ವರ್ತಕ. ಅವನು ಬಹಳ ಕಾಲ ಕಳೆದದ್ದು ನಮ್ಮ ಬೀದರಿನಲ್ಲಿ, ಬಹಮನಿ ಸುಲ್ತಾನರ ರಾಜಧಾನಿಯಲ್ಲಿ. ಅಲ್ಲಿನ ಸರದಾರರ ವೈಭವವನ್ನೂ ಜನಸಾಮಾನ್ಯರ ಬಡತನವನ್ನೂ ಒಟ್ಟೊಟ್ಟಿಗೆ ಬರೆದಿಟ್ಟು ಹೋದ. ಅಬ್ಬಾಸರಿಗೆ ಅವನು ಯಾಕೆ ಹಿಡಿಸಿದನೆಂದು ಬಿಡಿಸಿ ಹೇಳಬೇಕಿಲ್ಲ. ಚಿತ್ರದಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನ ಪಾತ್ರ ಪೃಥ್ವಿರಾಜ್ ಕಪೂರ್ ಅವರದು. ಗವಾನನ ಮದರಸಾದ ಮುರಿದ ಗೋಡೆಗಳ ಮುಂದೆ ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗರಿಗೆ ಈ ಚಿತ್ರದ ಹೆಸರೂ ಗೊತ್ತಿರುವುದು ಅಪರೂಪ.

1969ರ ‘ಸಾತ್ ಹಿಂದೂಸ್ತಾನಿ’ಯ ಹೆಸರು ಮಾತ್ರ ಎಲ್ಲರಿಗೂ ಗೊತ್ತು, ಅಮಿತಾಭ್ ಬಚ್ಚನ್ ಅವರ ಮೊದಲ ಚಿತ್ರವೆಂಬ ಕಾರಣಕ್ಕೆ. ಗೋವೆಯನ್ನು ಪೋರ್ಚುಗೀಸರಿಂದ ಬಿಡಿಸಲು ಹೋದ ಏಳು ಸತ್ಯಾಗ್ರಹಿಗಳ ಕಥೆ. ಇದರಲ್ಲಿ ಅಬ್ಬಾಸ್ ಒಂದು ಚೇಷ್ಟೆ ಮಾಡಿದರು. ಬಂಗಾಳಿ ಉತ್ಪಲ್ ದತ್ ಅವರಿಗೆ ಪಂಜಾಬಿ ರೈತನ ಪಾತ್ರ, ಮಲಯಾಳಿ ಮಧು ಅವರಿಗೆ ಬಂಗಾಳಿಯ ಪಾತ್ರ, ಹಿಂದೂ ಅಮಿತಾಭ್‌ಗೆ ಅನ್ವರ್ ಅಲಿ ಎಂಬ ಬಿಹಾರದ ಉರ್ದು ಕವಿಯ ಪಾತ್ರ, ನಿಜಕ್ಕೂ ಅನ್ವರ್ ಅಲಿ ಎಂಬ ಹೆಸರಿದ್ದ ನಟನಿಗೆ ಕಟ್ಟಾ ಹಿಂದಿವಾದಿಯ ಪಾತ್ರ. ಭಾಷೆಯ ಜಗಳಗಳು ಬೀದಿಗೆ ಬಂದಿದ್ದ ವರ್ಷಗಳಲ್ಲಿ ಒಬ್ಬೊಬ್ಬನೂ ಇನ್ನೊಬ್ಬನ ನುಡಿ, ನಡೆ ಕಲಿಯಲಿ ಎಂಬ ಲೆಕ್ಕ. ಅಮಿತಾಭ್ ಪಾತ್ರ ಮೊದಲು ಟಿನ್ನು ಆನಂದ್ ಅವರದಾಗಿತ್ತು. ಸತ್ಯಜಿತ್ ರಾಯ್ ಬಳಿ ಸಹಾಯಕನಾಗುವ ಅವಕಾಶ ಸಿಕ್ಕಿ ಅವರು ಕಲ್ಕತ್ತಕ್ಕೆ ಹೊರಟುಹೋದರು. ಜಾಗಕ್ಕೆ ಬಂದ ಉದ್ದನೆಯ ಹುಡುಗನಿಗೆ ಇಡೀ ಚಿತ್ರಕ್ಕೆ 5,000 ರೂಪಾಯಿ. ಕವಿ ಹರಿವಂಶರಾಯ್ ಬಚ್ಚನ್ ಮಗನೆಂದು ತಿಳಿದ ಕೂಡಲೇ, ನಿನ್ನ ತಂದೆಗೆ ಬರೆದು ಒಪ್ಪಿಗೆ ಪಡೆಯದೆ ಕರಾರಿಗೆ ಸಹಿ ಹಾಕಿಸುವುದಿಲ್ಲ ಎಂದರಂತೆ ಅಬ್ಬಾಸ್. ಮನೆಬಿಟ್ಟು ಓಡಿಬಂದ ಹುಡುಗನಿರಬಹುದು ಎಂಬ ಅನುಮಾನ.

ಅದೇ ಹೊತ್ತಿನಲ್ಲಿ ಅವರು ಬೇರೊಂದು ಜಗಳದಲ್ಲೂ ಇದ್ದರು. ಬಹುಶಃ ಅವರ ಯಾವ ಚಿತ್ರಕ್ಕಿಂತಲೂ ಹೆಚ್ಚು ಕಾಲ ಬಾಳಿದ್ದು ಆ ಜಗಳವೇ.

‘ನಾಲ್ಕು ನಗರಗಳ ಕಥೆ’ ಎಂಬ 16 ನಿಮಿಷಗಳ ಕಪ್ಪು ಬಿಳುಪು ಸಾಕ್ಷ್ಯಚಿತ್ರವೊಂದನ್ನು ಅಬ್ಬಾಸ್ 1968ರಲ್ಲಿ ತೆಗೆದರು. ಕಲ್ಕತ್ತ, ಬೊಂಬಾಯಿ, ಮದರಾಸು, ದಿಲ್ಲಿ. ಒಂದು ಕಡೆ ಗಗನಚುಂಬಿ ಕಟ್ಟಡ, ಕಾರು, ಕಾರ್ಖಾನೆ. ಇನ್ನೊಂದು ಕಡೆ ಆ ಕಟ್ಟಡ ಕಟ್ಟಿದವರ ಜೋಪಡಿ. ನಡುವೆ ಬೊಂಬಾಯಿಯ ಕೆಂಪು ದೀಪದ ಬೀದಿಯ ಕೆಲವು ನೋಟಗಳು. ಸೆನ್ಸಾರ್ ಮಂಡಳಿ ವಯಸ್ಕರಿಗೆ ಮಾತ್ರ ಎಂಬ ‘ಎ’ ಪತ್ರ ಕೊಟ್ಟಿತು. ಮೇಲ್ಮನವಿ ಹೋದಾಗ, ಹೆಂಗಸು ಕಿಟಕಿ ಮುಚ್ಚುವುದು, ಕೈಯಿಂದ ಕೈಗೆ ನೋಟು ದಾಟುವುದು ಇತ್ಯಾದಿ ಕತ್ತರಿಸಿದರೆ ‘ಯು’ ಕೊಡುತ್ತೇವೆ ಎಂದಿತು ಸರ್ಕಾರ. ಹಾಡಿನ ಮಧ್ಯೆ ಮಳೆಯಲ್ಲಿ ನೆನೆಯುವ ನಾಯಕಿಗೆ ಇಲ್ಲದ ಕತ್ತರಿ, ಮುಚ್ಚಿದ ಕಿಟಕಿಗೆ.

ಅಬ್ಬಾಸ್ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆ ನಡೆಯುತ್ತಿರುವಾಗ ಸರ್ಕಾರ ಮೆತ್ತಗಾಗಿ, ಏನೂ ಕತ್ತರಿಸಬೇಡಿ, ‘ಯು’ ತೆಗೆದುಕೊಳ್ಳಿ ಎಂದಿತು. ಬೇರೆ ಯಾವ ನಿರ್ಮಾಪಕನಾದರೂ ಪತ್ರ ಜೇಬಿಗಿಟ್ಟು ಮನೆಗೆ ಹೋಗುತ್ತಿದ್ದ. ಅಬ್ಬಾಸ್ ಅರ್ಜಿಯನ್ನೇ ತಿದ್ದಿಸಿದರು: ನನ್ನ ಚಿತ್ರದ ಮಾತು ಮುಗಿಯಿತು, ಈಗ ಹೇಳಿ, ಪತ್ರಿಕೆಗೆ ಇಲ್ಲದ ಪೂರ್ವ ಪರಿಶೀಲನೆ ಸಿನಿಮಾಕ್ಕೆ ಮಾತ್ರ ಏಕೆ? ನಾಳೆ ಬೆಳಿಗ್ಗೆ ಅದೇ ಬೀದಿಯ ಬಗ್ಗೆ ಅವರು ತಮ್ಮ ಅಂಕಣದಲ್ಲಿ ಬರೆದರೆ ಯಾರೂ ತಡೆಯುವಂತಿಲ್ಲ. ಅದನ್ನೇ ತೋರಿಸಿದರೆ ಅನುಮತಿ ಬೇಕು.

1970ರ ಸೆಪ್ಟೆಂಬರ್ 24ರಂದು ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ತೀರ್ಪು ಕೊಟ್ಟಿತು. ಅಬ್ಬಾಸ್ ಸೋತರು. ಚಲಿಸುವ ಚಿತ್ರ ನೋಡುಗರ ಭಾವನೆಯನ್ನು ಪುಸ್ತಕ, ಪತ್ರಿಕೆಗಳಿಗಿಂತ ಗಾಢವಾಗಿ ಕಲಕುತ್ತದೆ, ಆದ್ದರಿಂದ ಅದನ್ನು ಮೊದಲೇ ಪರಿಶೀಲಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು ಕೋರ್ಟು. ಸೋಲಿನೊಳಗೆ ಎರಡು ಗೆಲುವುಗಳಿದ್ದವು. ಯಾವ ವಿಷಯ ಬಂದಿದೆ ಎಂಬುದನ್ನಲ್ಲ, ಅದನ್ನು ಹೇಗೆ ನಿರ್ವಹಿಸಿದ್ದಾರೆ ಎಂಬುದನ್ನು ಸೆನ್ಸಾರ್ ನೋಡಬೇಕು, ಕಲೆಗೂ ಅಶ್ಲೀಲಕ್ಕೂ ನಡುವಿನ ಗೆರೆಯನ್ನು ನಿಯಮಗಳು ಕಾಣಬೇಕು ಎಂದು ನ್ಯಾಯಾಲಯ ಒತ್ತಿ ಹೇಳಿತು. ಸರ್ಕಾರವೇ ಮೇಲ್ಮನವಿ ಕೇಳುವ ಪದ್ಧತಿ ಸರಿಯಲ್ಲ, ಅದು ಸ್ವತಂತ್ರ ಸಂಸ್ಥೆಯ ಮುಂದೆ ಹೋಗಬೇಕು ಎಂಬ ಮಾತೂ ಬಂತು. ಚಲನಚಿತ್ರ ಮೇಲ್ಮನವಿ ನ್ಯಾಯಮಂಡಳಿ ಬಂದದ್ದು 1983ರಲ್ಲಿ. 2021ರಲ್ಲಿ ಅದನ್ನು ರದ್ದು ಮಾಡಿದರು, ಈಗ ತಕರಾರಿದ್ದವರು ಹೈಕೋರ್ಟಿನ ಮೆಟ್ಟಿಲು ಹತ್ತಬೇಕು. ಕೆ.ಎ. ಅಬ್ಬಾಸ್ ವಿರುದ್ಧ ಭಾರತ ಸರ್ಕಾರ ಎಂಬ ಈ ಪ್ರಕರಣವನ್ನು ಇಂದಿಗೂ ಕಾನೂನು ಕಾಲೇಜುಗಳಲ್ಲಿ ಓದುತ್ತಾರೆ. ಅರ್ಜಿದಾರ ತಾನೂ ಕಾನೂನು ಪದವೀಧರನೆಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ.

ಆಮೇಲೂ ಕೈ ನಿಲ್ಲಲಿಲ್ಲ. ರಾಜಸ್ಥಾನದ ಮರುಭೂಮಿಗೆ ಕಾಲುವೆ ನೀರು ತರುವ ‘ದೋ ಬೂಂದ್ ಪಾನಿ’ (1971), ನಕ್ಸಲ್ ಚಳವಳಿಯನ್ನು ನೇರವಾಗಿ ಎತ್ತಿಕೊಂಡ ‘ದಿ ನಕ್ಸಲೈಟ್ಸ್’ (1980). ‘ಮೇರಾ ನಾಮ್ ಜೋಕರ್’ ಮುಳುಗಿ ರಾಜ್ ಕಪೂರ್ ಸಾಲದಲ್ಲಿದ್ದಾಗ ಅವರನ್ನು ಎತ್ತಿ ನಿಲ್ಲಿಸಿದ ‘ಬಾಬಿ’ಯ (1973) ಕಥೆಯೂ ಅಬ್ಬಾಸರದೇ. ಮುಳುಗಿದ ‘ಜೋಕರ್’ ಬರೆದವರೂ ಅವರೇ ಎನ್ನಿ. ‘ಬಾಬಿ’ಯನ್ನು ಹದಿಹರೆಯದ ಪ್ರೇಮಕಥೆಯೆಂದು ನೋಡಿದವರೇ ಹೆಚ್ಚು. ಶ್ರೀಮಂತನ ಮಗ, ಮೀನುಗಾರ ಕ್ರೈಸ್ತನ ಮನೆಯ ಹುಡುಗಿ ಎಂದು ಜೋಡಿ ಕಟ್ಟಿದ್ದು ಅದೇ ಹಳೆಯ ಪತ್ರಕರ್ತ.

ಇದೆಲ್ಲದರ ನಡುವೆ ಅಂಕಣ ನಿಲ್ಲಲಿಲ್ಲ. ‘ಬಾಂಬೆ ಕ್ರಾನಿಕಲ್’ನಲ್ಲಿ ಆರಂಭವಾದ ‘ಲಾಸ್ಟ್ ಪೇಜ್’ ಸ್ವಾತಂತ್ರ್ಯದ ವರ್ಷ ಆರ್.ಕೆ. ಕರಂಜಿಯಾ ಅವರ ‘ಬ್ಲಿಟ್ಜ್’ ವಾರಪತ್ರಿಕೆಯ ಹಿಂಬದಿಗೆ ಬಂದು ಕೂತಿತು, 1987ರವರೆಗೆ ಅಲ್ಲೇ ಇತ್ತು. ಉರ್ದು ಆವೃತ್ತಿಯಲ್ಲಿ ‘ಆಜಾದ್ ಕಲಂ’ ಎಂಬ ಹೆಸರಿನಲ್ಲಿ ಬರೆದರು. ಬ್ಲಿಟ್ಜ್ ಕೈಗೆ ಬಂದರೆ ಹಿಂದಿನಿಂದ ಓದಲು ಶುರುಮಾಡುವ ಓದುಗರು ಇದ್ದದ್ದು ಈ ಪುಟಕ್ಕಾಗಿ. ಎಪ್ಪತ್ತಕ್ಕೂ ಹೆಚ್ಚು ಪುಸ್ತಕ, ಗಗನಯಾತ್ರಿ ಗಗಾರಿನ್‌ನ ಜೀವನಚರಿತ್ರೆ, 1977ರಲ್ಲಿ ‘ಐ ಆ್ಯಮ್ ನಾಟ್ ಆ್ಯನ್ ಐಲೆಂಡ್’ ಎಂಬ ಆತ್ಮಕಥೆ. ‘ಸರ್ದಾರ್‌ಜಿ’ ಎಂಬ ಸಣ್ಣಕಥೆ ಸಿಖ್ಖರನ್ನು ಕೆರಳಿಸಿ ಕೋರ್ಟಿಗೂ ಎಳೆಯಿತು. ಸಿಖ್ಖನೊಬ್ಬ ಮುಸ್ಲಿಂ ನೆರೆಯವನನ್ನು ಉಳಿಸಲು ಪ್ರಾಣ ಕೊಡುವ ಕಥೆಯದು. ಆರಂಭದಲ್ಲಿ ನಿರೂಪಕನ ಬಾಯಲ್ಲಿ ಬರುವ ಪೂರ್ವಗ್ರಹದ ಮಾತುಗಳನ್ನು ಓದಿಯೇ ಜನ ಸಿಟ್ಟಾದರು, ಕೊನೆಯವರೆಗೆ ಹೋಗಲಿಲ್ಲ.

1987ರ ಜೂನ್ 1ರಂದು, ಎಪ್ಪತ್ತಮೂರನೆಯ ಹುಟ್ಟುಹಬ್ಬಕ್ಕೆ ಆರು ದಿನ ಮೊದಲು, ಅಬ್ಬಾಸ್ ಬೊಂಬಾಯಿಯಲ್ಲಿ ತೀರಿಕೊಂಡರು. ಮರುವರ್ಷ ರಾಜ್ ಕಪೂರ್ ಹೋದರು. ಇಬ್ಬರೂ ಕೂಡಿ ಯೋಚಿಸಿದ್ದ ಕೊನೆಯ ಕಥೆಯನ್ನು ರಣಧೀರ್ ಕಪೂರ್ ನಿರ್ದೇಶಿಸಿ 1991ರಲ್ಲಿ ‘ಹೆನ್ನಾ’ ಎಂಬ ಹೆಸರಿನಲ್ಲಿ ತೆರೆಗೆ ತಂದರು. ನದಿಗೆ ಬಿದ್ದು ಗಡಿಯಾಚೆ ತೇಲಿಹೋದ ಕಾಶ್ಮೀರದ ಹುಡುಗನನ್ನು ಆ ಕಡೆಯ ಹಳ್ಳಿಯವರು ಸಾಕಿ ಮರಳಿ ಕಳಿಸಲು ಹೆಣಗುವ ಕಥೆ. ನಾಯಕಿ ಪಾಕಿಸ್ತಾನದ ಜೇಬಾ ಬಖ್ತಿಯಾರ್. ಸಂಭಾಷಣೆ ಬರೆದವರು, ಕಾನಪುರದಲ್ಲಿ ಹುಟ್ಟಿ ದೇಶ ಒಡೆದ ಮೇಲೆ ಪಾಕಿಸ್ತಾನಕ್ಕೆ ಹೋದ ಹಸೀನಾ ಮೋಯಿನ್. ಪಾಣಿಪತ್ ಖಾಲಿಯಾದಾಗ ಬಂಧುಗಳಲ್ಲಿ ಅನೇಕರು ಆ ಕಡೆ ಹೊರಟರೂ ಬೊಂಬಾಯಿಯಲ್ಲೇ ಉಳಿದ ಅಬ್ಬಾಸರ ಕಥೆಗೆ ಅವರು ಮಾತು ಕೊಟ್ಟರು. ಆಸ್ಕರ್ ಸ್ಪರ್ಧೆಗೆ ಭಾರತ ಅಧಿಕೃತವಾಗಿ ಕಳಿಸಿದ್ದು ಆ ವರ್ಷ ಅದೇ ಚಿತ್ರವನ್ನು.